ಮೊದಲ ಹಾಳೆ ಹರಿದ ಪುಸ್ತಕ

ಬಳ್ಳಾರಿ

ಪ್ರೀತಿಯ ತಂಗಿಗೆ,

ನಿನ್ನ ಪತ್ರ, ಕತೆಗಳ ಕಟ್ಟು ಎರಡೂ ತಲುಪಿದವು. ಎಲ್ಲ ಕತೆ ಓದದೆ ಉತ್ತರ ಬರೆಯಬಾರದು ಅಂತ ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಈಗ ಓದಿ ಮುಗಿಸಿದ್ದೇನೆ. ಕಾಲುವೆಯ ಕತೆಯನ್ನು ಮತ್ತೊಮ್ಮೆ ಓದಿದೆ.

ಪತ್ರಿಕೆಗೆ ಹೇಗೆ ಕಳಿಸಬೇಕು, ಪ್ರಕಾಶಕರನ್ನು ಹೇಗೆ ಹುಡುಕಬೇಕು, ಕತೆ ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಅವರನ್ನೇ ಕೇಳು. ಪತ್ರದ ಕೊನೆಗೆ ಇನ್ನೊಂದು ವಿಷಯ ಬರೆದಿದ್ದೀಯ. ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀಯ. ನನಗೆ ಅದೇ ದೊಡ್ಡದು ಅನ್ನಿಸಿತು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಹಳೇ ಪುಸ್ತಕ ಹರವಿಕೊಂಡು ಕೂತವನ ಹತ್ತಿರ ನಿನ್ನ ಮೊದಲ ಕಥಾಸಂಕಲನ ನಿನಗೇ ಸಿಕ್ಕಿತು. ಒಳಗೆ ನಿನ್ನದೇ ಕೈಬರಹ, ‘ಗೌರವಾದರಗಳೊಂದಿಗೆ’ ಅಂತ. ಒಬ್ಬ ಹಿರಿಯರಿಗೆ ನೀನು ಅಂಚೆಯಲ್ಲಿ ಕಳಿಸಿದ ಪ್ರತಿ. ಒಂದು ಪುಟ ಮಡಿಸಿದ ಗುರುತೂ ಇರಲಿಲ್ಲ. ಮೂವತ್ತು ರೂಪಾಯಿ ಕೊಟ್ಟು ನೀನು ಅದನ್ನು ವಾಪಸ್ ಕೊಂಡು ಬಂದೆ. ಆಮೇಲೆ ‘ಇನ್ನು ಯಾಕೆ ಬರೆಯಬೇಕು?’ ಅಂತ ನನ್ನನ್ನು ಕೇಳಿದ್ದೀಯ.

ಓದಿ ಸಂಕಟವಾಯಿತು. ಆಮೇಲೆ ಸಿಟ್ಟು ಬಂತು, ಆ ಹಿರಿಯರ ಮೇಲಲ್ಲ, ನಿನ್ನ ಮೇಲೆ. ಯಾಕೆ ಕೊಂಡು ತಂದೆ? ಅಲ್ಲೇ ಬಿಡಬೇಕಿತ್ತು. ಅವರ ಮನೆಯ ಬೀರುವಿನಲ್ಲಿ ಇರುವ ತನಕ ಆ ಪುಸ್ತಕವನ್ನು ಯಾರೂ ಓದುವ ಹಾಗಿರಲಿಲ್ಲ. ರಸ್ತೆಗೆ ಬಂದ ಮೇಲೆ ಮೊದಲ ಸಲ ಅದಕ್ಕೆ ಓದುಗ ಸಿಗುವ ದಾರಿ ಆಯಿತು. ರೈಲಿಗೆ ಕಾಯುವ ಯಾರೋ ಒಬ್ಬ ಹುಡುಗ, ನಿನ್ನ ಹೆಸರೇ ಕೇಳದವನು, ನಿಂತಲ್ಲೇ ಒಂದು ಪುಟ ಓದುತ್ತಿದ್ದ. ಹಿಡಿಸಿದರೆ ಕೊಳ್ಳುತ್ತಿದ್ದ, ಇಲ್ಲದಿದ್ದರೆ ಇಟ್ಟು ಹೋಗುತ್ತಿದ್ದ. ಅವನು ನಿನಗೆ ಏನೂ ಕೊಡಬೇಕಾಗಿಲ್ಲ, ನೀನು ಅವನಿಗೆ ಏನೂ ಕೊಡಬೇಕಾಗಿಲ್ಲ. ಅಂಥ ಓದು ನಿನ್ನ ಪುಸ್ತಕಕ್ಕೆ ಇನ್ನೂ ಸಿಕ್ಕಿಲ್ಲ, ತಂಗೀ. ಬಿಡುಗಡೆ ದಿನ ವೇದಿಕೆ ಮೇಲೆ ಹೊಗಳಿದವರು ಯಾರೂ ಹಾಗೆ ಓದಿದವರಲ್ಲ.

ನನ್ನಿಂದ ಮುನ್ನುಡಿ ಬೇಕು ಅಂತಲೂ ಬರೆದಿದ್ದೀಯ. ಬರೆಯುವುದಿಲ್ಲ. ನಿನ್ನ ಕತೆ ಹಿಡಿಸದೆ ಹೀಗೆ ಹೇಳುತ್ತಿಲ್ಲ. ಮುನ್ನುಡಿ ಅನ್ನುವುದೇ ನನಗೆ ಆಗದು. ನನ್ನ ಮೊದಲ ಪುಸ್ತಕಕ್ಕೆ ದೊಡ್ಡ ಹೆಸರಿನವರೊಬ್ಬರು ಮುನ್ನುಡಿ ಬರೆದುಕೊಟ್ಟರು. ಅದರಲ್ಲಿ ಅವರು ತುಂಬಾ ಮೆಚ್ಚಿದ ಒಂದು ಕತೆಯ ಹೆಸರಿದೆ. ಆ ಹೆಸರಿನ ಕತೆಯೇ ಪುಸ್ತಕದಲ್ಲಿಲ್ಲ! ಆದರೂ ಆ ಮುನ್ನುಡಿಯಿಂದಲೇ ನಾಲ್ಕು ಜನ ನನ್ನನ್ನು ಕರೆದು ಮಾತಾಡಿಸಿದರು, ಎರಡು ಕಡೆ ವಿಮರ್ಶೆ ಬಂತು. ಆ ವಿಮರ್ಶೆಗಳಲ್ಲಿ ಮುನ್ನುಡಿಯ ಮಾತುಗಳೇ ತಿರುಗಿ ಬಂದಿದ್ದವು. ಅಂದಿನ ಕಹಿ ಇವತ್ತಿಗೂ ನಾಲಿಗೆ ಮೇಲಿದೆ. ಇಷ್ಟು ವರ್ಷವಾದರೂ ಹೋಗಿಲ್ಲ, ಹೋಗಲಿ ಅಂತ ನನಗೆ ಆಸೆಯೂ ಇಲ್ಲ.

ಹಾಗಾಗಿ ಮುನ್ನುಡಿಯ ಬದಲು ಹಳೇ ಪುಸ್ತಕದ ಅಂಗಡಿಯ ದಾರಿ ಹೇಳುತ್ತೇನೆ. ಅಷ್ಟೇ ನನ್ನ ಹತ್ತಿರ ಇರುವುದು.

ನಾನು ಹುಡುಗನಾಗಿದ್ದಾಗ ಹೊಸ ಪುಸ್ತಕ ಕೊಳ್ಳುವಷ್ಟು ದುಡ್ಡು ನಮ್ಮ ಮನೆಯಲ್ಲಿರಲಿಲ್ಲ. ಬ್ರೂಸ್‌ಪೇಟೆ ಕಡೆ ರದ್ದಿ ಅಂಗಡಿಗಳಿಗೆ ಹೋಗಿ ಕೂರುತ್ತಿದ್ದೆ. ನಮ್ಮ ಬಳ್ಳಾರಿಯ ರದ್ದಿ ಅಂದರೆ ಗೊತ್ತಲ್ಲ, ತೆಲುಗು ನಾಟಕ, ಕನ್ನಡ ಕಾದಂಬರಿ, ಉರ್ದು ಪಠ್ಯ, ಮಿಷನ್ನಿನವರ ಇಂಗ್ಲಿಷ್ ಪುಸ್ತಕ ಎಲ್ಲ ಒಂದೇ ಕಟ್ಟಿನಲ್ಲಿ. ಸುತ್ತಲೂ ಪರೀಕ್ಷೆಯ ಗೈಡುಗಳು, ಹಳೇ ಲೆಕ್ಕದ ಪುಸ್ತಕಗಳು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂರುವುದೇ ಕಷ್ಟ. ಅಂಗಡಿಯವನು ಕತ್ತೆತ್ತದೆ ‘ತಗೊಳ್ರೀ, ತೂಕಕ್ಕೆ ಹಾಕ್ತೀನಿ’ ಅನ್ನುತ್ತಿದ್ದ. ಮಹಾಕವಿಗೂ ಗೈಡಿಗೂ ಒಂದೇ ತಕ್ಕಡಿ, ಒಂದೇ ರೇಟು.

ಆ ರೇಟಿನಿಂದಲೇ ನನಗೆ ಉಪಕಾರವಾಯಿತು. ಹೊಸ ಪುಸ್ತಕ ನಿನ್ನ ಕೈಗೆ ಬರುವ ಹೊತ್ತಿಗೆ ಅದರ ಬಗ್ಗೆ ಹತ್ತು ಜನ ಮಾತಾಡಿ ಮುಗಿಸಿರುತ್ತಾರೆ. ಬೆನ್ನಿನ ಮೇಲೆ ಒಬ್ಬರ ಹೊಗಳಿಕೆ, ಒಳಗೆ ಇನ್ನೊಬ್ಬರ ಹೊಗಳಿಕೆ, ಮುಖದ ಮೇಲೆ ಪ್ರಶಸ್ತಿಯ ಚೀಟಿ. ನೀನು ಓದುವ ಮೊದಲೇ ಮೆಚ್ಚಲು ತಯಾರಾಗಿರುತ್ತೀಯ. ಐವತ್ತು ಅರವತ್ತು ವರ್ಷದ ಪುಸ್ತಕಕ್ಕೆ ಇದು ಯಾವುದೂ ಇಲ್ಲ. ಹೊಗಳಿಕೆ ಅಚ್ಚಾಗಿದ್ದರೂ ಹೊಗಳಿದವರು ಯಾರು ಅಂತ ಈಗ ಯಾರಿಗೂ ಗೊತ್ತಿಲ್ಲ. ನಡುವಿನ ಯಾವುದೋ ಪುಟ ತೆಗೆಯಬೇಕು, ಅರ್ಧ ಪುಟ ಓದಬೇಕು. ಅನ್ನ ಬೆಂದಿದೆಯೋ ಇಲ್ಲವೋ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ. ಉಳಿದರ್ಧ ಓದಬೇಕು ಅನ್ನಿಸಿದರೆ ಅದು ನಿನ್ನ ಪುಸ್ತಕ. ಅನ್ನಿಸದಿದ್ದರೆ ಬರೆದವರು ಎಂಥವರೇ ಆಗಿರಲಿ, ಕೆಳಗಿಡು. ಈ ಅಭ್ಯಾಸ ಬಹಳ ಕಾಲ ಮಾಡಿದರೆ ಯಾವುದು ನಿಜವಾದ ಮಾತು, ಯಾವುದು ಸುಮ್ನೆ ಮೆರುಗು ಅಂತ ನಿನಗೇ ಗೊತ್ತಾಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಬರೆಯುವವರಿಗೆ ಇದಕ್ಕಿಂತ ಬೇಕಾದ್ದು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ನನ್ನ ಹತ್ತಿರ ಒಂದು ಪುಸ್ತಕ ಇದೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಹಳೇ ಕಾಗದದ ಕಟ್ಟಿನಲ್ಲಿ ಸಿಕ್ಕಿದ್ದು. ರಟ್ಟಿಲ್ಲ, ಹೆಸರಿನ ಹಾಳೆ ಇಲ್ಲ. ಐದನೇ ಪುಟದಿಂದ ಶುರು, 112ನೇ ಪುಟದಲ್ಲಿ ವಾಕ್ಯ ಮುಗಿಯುವ ಮೊದಲೇ ಹರಿದಿದೆ. ಪುಟದ ತಲೆಯ ಮೇಲೆ ಪುಸ್ತಕದ ಹೆಸರಾದರೂ ಇರುತ್ತದೆ ಅಂತ ನೋಡಿದರೆ ಬರೀ ಅಂಕಿ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಹಾಳೆಯ ಹಿಂದೆ ಬೆರಳಾಡಿಸಿದರೆ ಅಕ್ಷರಗಳ ಉಬ್ಬು ಇನ್ನೂ ಸಿಗುತ್ತದೆ. ಒತ್ತಕ್ಷರಗಳು ಸವೆದು ಹೋಗಿವೆ, ‘ಷ್ಟ’ ಎಲ್ಲಿ ಬಂದರೂ ಕೆಳಗಿನ ಒತ್ತು ಅರ್ಧವೇ ಬಿದ್ದಿದೆ. ಹಾಳೆ ಕಂದು ತಿರುಗಿದೆ. ಮಡಿಸಿದರೆ ಚಕ್ಕೆಯಾಗಿ ಮುರಿಯುತ್ತದೆ, ಅದಕ್ಕೆ ಮೇಜಿನ ಮೇಲೆ ಚಪ್ಪಟೆ ಇಟ್ಟೇ ಓದಬೇಕು.

ಒಳಗೆ ಆರು ಕತೆ. ಜನ ದುಡ್ಡು ಎಣಿಸುವಾಗ ‘ಹಾಲಿ’, ‘ಕಲ್ದಾರ್’ ಅಂತ ಬೇರೆ ಮಾಡಿ ಎಣಿಸುತ್ತಾರೆ. ಹಾಲಿ ಅಂದರೆ ನಿಜಾಮರ ನಾಣ್ಯ, ಕಲ್ದಾರ್ ಅಂದರೆ ಬ್ರಿಟಿಷರದು. ಜಿಲ್ಲೆಯ ದೊಡ್ಡ ಅಧಿಕಾರಿಯನ್ನು ಅವ್ವಲ್ ತಾಲೂಕದಾರ ಅನ್ನುತ್ತಾರೆ. ಅಂದರೆ ಬರೆದವರು ತುಂಗಭದ್ರೆಯ ಆ ಕಡೆಯ ನಿಜಾಮರ ಸೀಮೆಯವರು, ನಿಮ್ಮ ಕಡೆಯವರು. ಐದು ಕತೆ ಚೆನ್ನಾಗಿಲ್ಲ. ಉಪದೇಶ ಜಾಸ್ತಿ, ಸೂರ್ಯೋದಯದ ವರ್ಣನೆ ಜಾಸ್ತಿ. ಮೂರನೆಯದು ಮಾತ್ರ ಹಾಗಲ್ಲ. ಅದರಲ್ಲಿ ಒಬ್ಬ ಪಟವಾರಿ, ಅಂದರೆ ಊರಿನ ಜಮೀನಿನ ಲೆಕ್ಕ ಬರೆಯುವವನು, ವಿಧವೆಯೊಬ್ಬಳ ಹೊಲ ಅಳೆಯಲು ಬರುತ್ತಾನೆ. ಹೊಲ ಅವಳ ಮೈದುನನ ಹೆಸರಿಗೆ ಹೋಗಲಿದೆ. ಅವನಿಗೂ ಗೊತ್ತು, ಅವಳಿಗೂ ಗೊತ್ತು. ಬಿಸಿಲಿದೆ ಅಂತ ಅವಳು ತಂಬಿಗೆಯಲ್ಲಿ ಮಜ್ಜಿಗೆ ಕೊಡುತ್ತಾಳೆ. ಅವನು ಕುಡಿದು, ಇನ್ನಷ್ಟು ಕೇಳಿ ಕುಡಿದು, ಬರೆಯಬೇಕಾದ್ದನ್ನು ಬರೆದುಕೊಂಡು ಹೋಗುತ್ತಾನೆ. ಅವಳು ತಂಬಿಗೆ ತೊಳೆದು ಬೋರಲು ಹಾಕುತ್ತಾಳೆ. ಕತೆ ಮುಗಿಯಿತು. ಅಳಲಿಲ್ಲ, ಶಾಪ ಹಾಕಲಿಲ್ಲ. ಬರೆದವರೂ ಒಂದು ಮಾತು ಸೇರಿಸಲಿಲ್ಲ. ಎಷ್ಟು ಸಲ ಓದಿದರೂ ‘ಇನ್ನಷ್ಟು ಕೇಳಿ ಕುಡಿದು’ ಅನ್ನುವಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಇದನ್ನು ಒಮ್ಮೆ ಒಬ್ಬ ಪ್ರಾಧ್ಯಾಪಕರಿಗೆ ತೋರಿಸಿದೆ. ತುಂಬಾ ಓದಿಕೊಂಡವರು. ಕೈಗೆ ತಗೊಂಡ ಕೂಡಲೇ ‘ಯಾರದಿದು?’ ಅಂದರು. ಗೊತ್ತಿಲ್ಲ, ಈ ಕತೆ ಓದಿ ಅಂದೆ. ಓದಿದರು. ‘ಯಾರದಿರಬಹುದು?’ ಅಂದರು. ಕತೆ ಹೇಗಿದೆ ಅಂತ ಕೇಳಿದೆ. ‘ಯಾರು ಬರೆದಿದ್ದು ಅಂತ ಗೊತ್ತಾಗದೆ ಹೇಗೆ ಹೇಳೋದು’ ಅಂತ ಪುಸ್ತಕ ವಾಪಸ್ ಕೊಟ್ಟರು. ಅವತ್ತಿನ ಸಿಟ್ಟು ನನಗಿನ್ನೂ ಇದೆ. ಕತೆ ಕಣ್ಣ ಮುಂದಿತ್ತು. ಆ ಹೆಂಗಸು, ಆ ಮಜ್ಜಿಗೆ, ಎಲ್ಲ ಇತ್ತು. ಹೆಸರಿಲ್ಲದ್ದಕ್ಕೆ ಅವರಿಗೆ ಏನೂ ಕಾಣಲಿಲ್ಲ.

ಈಗ ನಿನ್ನ ಕಾಲುವೆಯ ಕತೆಗೆ ಬರುತ್ತೇನೆ.

ಮೊದಲ ಮೂರು ಪುಟ ಬಹಳ ಚೆನ್ನಾಗಿವೆ. ಎಡದಂಡೆ ಕಾಲುವೆಯ ಕೊನೇ ಭಾಗದ ಊರು. ಮೇಲಿನವರು ನೀರು ತಿರುಗಿಸಿಕೊಂಡಿದ್ದಾರೆ. ರಾತ್ರಿ ತೂಬಿನ ಹತ್ತಿರ ಅಪ್ಪ ಬ್ಯಾಟರಿ ಹಿಡಿದು ಕೂತಿದ್ದಾನೆ, ಮಗಳು ಬುತ್ತಿ ತಂದಿದ್ದಾಳೆ. ಅವನು ಬ್ಯಾಟರಿ ಆರಿಸಿ ಕತ್ತಲಲ್ಲೇ ಉಣ್ಣುತ್ತಾನೆ, ಸೆಲ್ಲು ಉಳಿಯಲಿ ಅಂತ. ಇದನ್ನು ನೀನು ನೋಡಿ ಬರೆದಿದ್ದೀಯ. ತುಂಗಭದ್ರಾ ಅಣೆಕಟ್ಟಿನ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಆ ಸೆಲ್ಲು ಉಳಿಸುವ ಮನುಷ್ಯ ಯಾವ ಭಾಷಣದಲ್ಲೂ ಇರಲಿಲ್ಲ.

ನಾಲ್ಕನೇ ಪುಟದಲ್ಲಿ ಆ ಅಪ್ಪ ಎದ್ದು ನಿಂತು ವ್ಯವಸ್ಥೆಯ ಬಗ್ಗೆ ಮಾತಾಡತೊಡಗುತ್ತಾನೆ. ಒಂದೂವರೆ ಪುಟ! ‘ಶೋಷಣೆ’ ಅನ್ನುತ್ತಾನೆ, ‘ಅಸ್ಮಿತೆ’ ಅನ್ನುತ್ತಾನೆ. ನಿಮ್ಮೂರಲ್ಲಿ ಯಾವ ರೈತ ತೂಬಿನ ಮೇಲೆ ಕೂತು ಅಸ್ಮಿತೆ ಅನ್ನುತ್ತಾನೆ ಹೇಳು. ಆ ಒಂದೂವರೆ ಪುಟ ಯಾರಿಗಾಗಿ ಬರೆದೆ ಅಂತ ನನಗೆ ಗೊತ್ತು, ನಿನಗೂ ಗೊತ್ತು. ಕಥಾಸ್ಪರ್ಧೆಯ ತೀರ್ಪುಗಾರರಿಗೆ ಬರೆದೆ. ಅವರಿಗೆ ಕತೆಯ ‘ನಿಲುವು’ ಕಾಣಬೇಕು ಅಂತ ಬರೆದೆ. ಹೊಗಳಿಕೆ ಹಾಳುಮಾಡುವುದು ಹೀಗೆ, ತಂಗೀ. ಹೊಗಳಿದ ಮೇಲೆ ತಲೆ ತಿರುಗುತ್ತದೆ ಅಂತ ಎಲ್ಲರೂ ಎಚ್ಚರಿಸುತ್ತಾರೆ. ಅದಕ್ಕಿಂತ ಮೊದಲೇ, ಯಾರೂ ಇನ್ನೂ ಹೊಗಳದೆ ಇರುವಾಗಲೇ, ಹೊಗಳಲಿ ಅನ್ನುವ ಆಸೆ ವಾಕ್ಯದೊಳಗೆ ಬಂದು ಕೂತಿರುತ್ತದೆ. ಪಟವಾರಿಯ ಕತೆ ಬರೆದವರಿಗೂ ಉಳಿದ ಐದು ಕತೆಗಳಲ್ಲಿ ಅದೇ ಆಗಿದೆ. ಮೂರನೆಯದನ್ನು ಬರೆಯುವಾಗ ಮಾತ್ರ ಅವರು ಯಾರ ಕಡೆಗೂ ನೋಡಲಿಲ್ಲ.

ನಿನ್ನ ಕತೆಯ ಮೊದಲ ಹಾಳೆ ಹರಿದು ಓದು. ಹೆಸರು, ಅರ್ಪಣೆ ಎಲ್ಲ ತೆಗೆದುಬಿಡು. ಯಾವುದೋ ಊರಿನ ರದ್ದಿಯಲ್ಲಿ ಸಿಕ್ಕಿದ್ದು ಅಂತ ತಿಳಿದು ಓದು. ಆ ಭಾಷಣ ಬಂದ ಕೂಡಲೇ ಅದನ್ನು ಕೆಳಗಿಡುತ್ತೀಯ. ಖಂಡಿತ ಇಡುತ್ತೀಯ. ನಿನಗೆ ಅಷ್ಟು ಕಿವಿ ಇದೆ.

ನಿನಗೆ ಹಳೇ ಪುಸ್ತಕ ಹುಡುಕುವ ಚಟ ಹತ್ತಲಿ ಅಂತ ನನ್ನ ಆಸೆ. ಅದಕ್ಕೆ ಒಂದೆರಡು ಗುಟ್ಟು ಹೇಳುತ್ತೇನೆ. ಇಸವಿ ಇಲ್ಲದ ಪುಸ್ತಕ ಸಿಕ್ಕಿದರೆ ಬೆಲೆ ನೋಡು. ರೂಪಾಯಿ, ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಅಂತ ಹೆಚ್ಚುಕಮ್ಮಿ ಹೇಳಬಹುದು. ನಯಾ ಪೈಸೆ ಅಂತಿದ್ದರೆ ಅಲ್ಲಿಂದ 1964ರ ಒಳಗಿನದು. ಸಂವತ್ಸರದ ಹೆಸರಷ್ಟೇ ಕೊಟ್ಟಿದ್ದರೆ ಎಚ್ಚರ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ವಿಕಾರಿ ಅಂದರೆ 1899ರದೂ ಇರಬಹುದು, 1959ರದೂ ಇರಬಹುದು. ಕಾಗದ, ಅಚ್ಚು ನೋಡಿ ತೀರ್ಮಾನ ಮಾಡಬೇಕು. ಊರಿನ ವಿಳಾಸವೂ ಹೇಳುತ್ತದೆ. ಬಳ್ಳಾರಿ 1953ರ ಅಕ್ಟೋಬರ್ ತನಕ ಮದ್ರಾಸ್ ರಾಜ್ಯದಲ್ಲಿತ್ತು, ರಾಯಚೂರು 1956ರ ನವೆಂಬರ್ ತನಕ ಹೈದರಾಬಾದ್ ರಾಜ್ಯದಲ್ಲಿ. ‘ಕೊಪ್ಪಳ, ರಾಯಚೂರು ಜಿಲ್ಲೆ’ ಅಂತಿದ್ದರೆ 1997ಕ್ಕಿಂತ ಹಿಂದಿನದು. ಗ್ರಂಥಾಲಯದ ಮುದ್ರೆ ಇದ್ದು, ತೆಗೆದುಹಾಕಿದ್ದು ಅನ್ನುವ ಗುರುತಿಲ್ಲದಿದ್ದರೆ ಕೊಳ್ಳಬೇಡ. ಕದ್ದ ಮಾಲು ನಮಗೆ ಬೇಡ.

ದೊಡ್ಡ ಬೇಟೆಗೆ ಹೋಗುವವರು ಬೇರೆ ಇದ್ದಾರೆ. ಬಳ್ಳಾರಿ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಮಾಡಿದ ನಿಘಂಟು, ಕಿಟೆಲ್‌ಗಿಂತ ಎಷ್ಟೋ ಮೊದಲಿನದು, ಅದರ ಹಳೇ ಪ್ರತಿಗೆ ಜನ ಎಷ್ಟು ಬೇಕಾದರೂ ಕೊಡುತ್ತಾರೆ. 1843ರಲ್ಲಿ ಮಂಗಳೂರಿನಲ್ಲಿ ಶುರುವಾದ ನಮ್ಮ ಮೊದಲ ಪತ್ರಿಕೆ ಮರುವರ್ಷ ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಿಸಿಕೊಂಡು ಇದೇ ಬಳ್ಳಾರಿಗೆ ಬಂದಿತ್ತು. ಅದರ ಒಂದು ಹಾಳೆಯಾದರೂ ಯಾವುದಾದರೂ ಕಟ್ಟಿನಲ್ಲಿ ಸಿಗಲಿ ಅಂತ ನಾನೂ ಕನಸು ಕಾಣುತ್ತೇನೆ. ಆದರೆ ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆ ತೋರಿಸುವ ಪುಸ್ತಕಕ್ಕಾಗಿ ನೀನು ಅಲೆಯಬೇಡ. ಅದೂ ಹೊಗಳಿಕೆಯ ಇನ್ನೊಂದು ದಾರಿಯೇ.

ನೀನು ಹುಡುಕಬೇಕಾದ್ದು ಬಡಪಾಯಿ ಪುಸ್ತಕಗಳನ್ನು. ಜಿಲ್ಲೆಯ ಸಣ್ಣ ಮುದ್ರಣಾಲಯದಲ್ಲಿ ಅಚ್ಚಾಗಿ ಊರು ದಾಟದೆ ಉಳಿದವು. ಶಾಲಾ ಮಾಸ್ತರು ಬರೆದ ಸ್ಥಳಪುರಾಣ, ಕಂಪನಿ ನಾಟಕದ ಹಾಡುಗಳ ಪುಸ್ತಕ. ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರು ಹುಡುಕಿ ಹುಡುಕಿ ಪ್ರಕಟಿಸಿದ ದಾಸರ ಪದಗಳು. ಸಾಹಿತ್ಯ ಸಮ್ಮೇಳನಗಳ ಭಾಷಣದ ಪ್ರತಿಗಳು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಮ್ಮೇಳನ ಆದಾಗ ಊರು ಇನ್ನೂ ನಿಜಾಮರ ಕೈಯಲ್ಲಿತ್ತು, ಸರ್ಕಾರದ ಭಾಷೆ ಉರ್ದು. ಆ ಕಾಲದಲ್ಲಿ ನಿಮ್ಮ ಊರುಗಳಲ್ಲಿ ಕೂತು ಕನ್ನಡ ಬರೆದವರಿಗೆ ಯಾವ ಚಪ್ಪಾಳೆಯ ನಂಬಿಕೆ ಇತ್ತು? ಅವರ ಪುಸ್ತಕ ಸಿಕ್ಕಿದರೆ ಹೇಗೆ ಬರೆದಿದ್ದಾರೆ ನೋಡು. ಎಲ್ಲ ಚೆನ್ನಾಗಿರುವುದಿಲ್ಲ. ಬಹಳಷ್ಟು ಕೆಟ್ಟದಾಗಿಯೇ ಇರುತ್ತದೆ. ಕೆಟ್ಟದ್ದನ್ನೂ ಓದು. ಯಾಕೆ ಕೆಟ್ಟಿತು ಅಂತ ಬೆರಳಿಟ್ಟು ತೋರಿಸಲು ಬಂದ ದಿನ ನಿನಗೆ ನಾನೂ ಬೇಕಾಗುವುದಿಲ್ಲ.

ಇದೆಲ್ಲ ಈಗ ಫೋನಿನಲ್ಲೇ ಸಿಗುತ್ತದೆ ಅನ್ನುತ್ತೀಯೇನೋ. ನಿಜ. ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಎಷ್ಟೋ ಹಳೇ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಅದು ದೊಡ್ಡ ಉಪಕಾರ, ನಾನೂ ದಿನಾ ಓದುತ್ತೇನೆ. ಆದರೆ ಅಲ್ಲಿ ಹುಡುಕಬೇಕಾದರೆ ಮೊದಲು ಹೆಸರು ಹೊಡೆಯಬೇಕು. ಪುಸ್ತಕದ್ದೋ, ಬರೆದವರದ್ದೋ. ಹೆಸರು ಗೊತ್ತಿದ್ದವರಿಗೆ ಮಾತ್ರ ಅದು ಬಾಗಿಲು ತೆಗೆಯುತ್ತದೆ. ನನ್ನ ಪಟವಾರಿಯ ಕತೆ ಅಲ್ಲಿದ್ದರೂ ನಾನು ಏನಂತ ಹುಡುಕಲಿ? ಕಟ್ಟು ಬಿಚ್ಚಿ, ಧೂಳು ಕೊಡವಿ, ಒಂದೊಂದಾಗಿ ಎತ್ತಿ ನೋಡುವಾಗ ಮಾತ್ರ, ಇದೆ ಅಂತಲೇ ಗೊತ್ತಿಲ್ಲದ ಪುಸ್ತಕ ಸಿಗುವುದು.

ಅಂಥ ಕಟ್ಟುಗಳೂ ಈಗ ಕಡಿಮೆಯಾಗುತ್ತಿವೆ. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರ ಮನೆಯಲ್ಲಿ ಒಂದು ಕೋಣೆ ತುಂಬಾ ಪುಸ್ತಕ ಇತ್ತು. ನಾಟಕದ ಪುಸ್ತಕಗಳೇ ಒಂದು ಗೋಡೆಯಷ್ಟು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿ, ನಾನು ಊರಿಗೆ ಹೋಗುವಷ್ಟರಲ್ಲಿ ಕೋಣೆಗೆ ಸುಣ್ಣ ಹೊಡೆದಾಗಿತ್ತು. ಪುಸ್ತಕ ತುಂಬಿಕೊಂಡು ಹೋದ ಲಾರಿಯವನು ಯಾರು ಅಂತ ಮನೆಯವರಿಗೂ ಗೊತ್ತಿಲ್ಲ. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ, ಬಾಡಿಗೆ ಮನೆ, ಎಲ್ಲಿ ಇಟ್ಟುಕೊಳ್ಳುತ್ತಾರೆ ಪಾಪ. ಆದರೆ ಆ ನಾಟಕಗಳಲ್ಲಿ ಕೆಲವನ್ನು ಆಮೇಲೆ ನಾನು ಎಲ್ಲೂ ನೋಡಿಲ್ಲ. ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ತುಂಬಾ ಪುಸ್ತಕ ಹರವುತ್ತಾರಲ್ಲ, ಅಲ್ಲಿ ಹೋದಾಗಲೆಲ್ಲ ಕನ್ನಡ ಅಕ್ಷರ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ನಿನಗೆ ಪುಸ್ತಕ ಸಿಕ್ಕಾಗ ನಾಳೆ ಬಂದರಾಯಿತು ಅಂತ ಬಿಡಬೇಡ. ನಾಳೆ ಅದು ಕಡಲೆಪುರಿಯ ಪೊಟ್ಟಣ ಆಗಿರಬಹುದು.

ನಿನ್ನ ಉಳಿದ ಕತೆಗಳ ಬಗ್ಗೆ ಇಷ್ಟೇ. ಅಜ್ಜಿಯ ಕತೆ ಬಿಟ್ಟುಬಿಡು, ಅದು ನಿನ್ನದಲ್ಲ, ಎಲ್ಲೋ ಓದಿದ್ದು. ಹಟ್ಟಿ ಚಿನ್ನದ ಗಣಿಯ ಕತೆಗೆ ಇನ್ನಷ್ಟು ತಾಳ್ಮೆ ಬೇಕು. ಗಣಿಯೊಳಗೆ ಇಳಿಯುವವರ ಹತ್ತಿರ ಕೂತು ಕೇಳದೆ ಮತ್ತೆ ಮುಟ್ಟಬೇಡ. ಬಸ್ ಸ್ಟ್ಯಾಂಡಿನ ಕತೆ ಚಿಕ್ಕದು, ಚೆಂದ ಇದೆ, ಹಾಗೇ ಇರಲಿ.

ಎಲ್ಲ ಕತೆಗಳನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಲ್ಲೇ ಬರೆದಿದ್ದೇನೆ. ನಿನಗೆ ಒಪ್ಪಿಗೆಯಾಗದ ಕಡೆ ರಬ್ಬರಿನಲ್ಲಿ ಅಳಿಸಿಬಿಡು, ನನ್ನನ್ನು ಕೇಳಬೇಕಾಗಿಲ್ಲ. ಜೊತೆಗೆ ಪಟವಾರಿಯ ಕತೆಯ ಜೆರಾಕ್ಸ್ ಪ್ರತಿ ಇಟ್ಟಿದ್ದೇನೆ. ಮೂಲವನ್ನು ಯಂತ್ರದ ಮೇಲೆ ಬೋರಲು ಹಾಕಿ ಒತ್ತಿದರೆ ಮುರಿಯುತ್ತದೆ ಅಂತ ಮೊದಲು ಫೋಟೋ ತೆಗೆಸಿ ಆಮೇಲೆ ಮಾಡಿಸಿದ್ದು, ಅಕ್ಷರ ಸ್ವಲ್ಪ ಮಸುಕಾಗಿದೆ. ನಿಮ್ಮ ಕಡೆ ಹಳಬರು ಯಾರಾದರೂ ಓದುವವರಿದ್ದರೆ ಓದಿ ಹೇಳು. ಬರೆದವರು ಯಾರು ಅಂತ ಯಾರಿಗಾದರೂ ನೆನಪಿದ್ದರೆ ಕೂಡಲೇ ನನಗೆ ಒಂದು ಫೋನ್ ಮಾಡು. ಅವರ ಇನ್ನೊಂದು ಪುಸ್ತಕ ಇದ್ದರೆ ನನಗೆ ಓದಬೇಕು.

ನಿನ್ನ ಅಣ್ಣ